ಖಾಲಿ ಪೆಟ್ಟಿಗೆಯ ಲೆಕ್ಕ

ಸಿದ್ದಾಪುರ, ಆಷಾಢ

ತೋಟದಂಚಿನ ಜೇನು ಪೆಟ್ಟಿಗೆಯ ಅಡಿಗೆ ತೂಕದ ಸೆನ್ಸರ್ ಕೂರಿಸಿದ್ದಾರೆ. ಒಳಗೆ ಎರಿಗಳ ನಡುವೆ ಉಷ್ಣತೆ ಅಳೆಯುವ ಸಣ್ಣ ತಂತಿ. ಮೊಬೈಲಿನಲ್ಲಿ ತೂಕದ ಗೆರೆ ಏರುತ್ತಿದೆ. ಹೊರಗೆ ಜಡಿಮಳೆ, ನೊಣ ಹಾರುತ್ತಿಲ್ಲ. ತೂಕ ಎಲ್ಲಿಂದ ಬಂತು?

ಮಳೆಯಿಂದ. ಹಲಗೆ ನೀರು ಕುಡಿದಿದೆ. ಒಳಗಿನ ಸಂಸಾರ ಕೂಡಿಟ್ಟದ್ದನ್ನು ತಿಂದು ಹಗುರಾಗುತ್ತಿದೆ, ಪೆಟ್ಟಿಗೆ ತೊಯ್ದು ಭಾರವಾಗುತ್ತಿದೆ, ಎರಡೂ ಸೇರಿ ಒಂದೇ ಅಂಕಿ. ಇಲ್ಲಿ ಸಾಕುವ ತುಡುವೆ ಜೇನಿನದು ಚಿಕ್ಕ ಕುಟುಂಬ. ವರ್ಷಕ್ಕೆ ಕೊಡುವುದೇ ಕೆಲವು ಕಿಲೋ ತುಪ್ಪ. ನೂರಿನ್ನೂರು ಗ್ರಾಂ ಕೂಡ ಅದಕ್ಕೆ ಮಳೆಗಾಲದ ಅನ್ನ. ಪಕ್ಕದಲ್ಲೇ ಅಂಥದ್ದೇ ಒಂದು ಖಾಲಿ ಪೆಟ್ಟಿಗೆಯನ್ನು ಇನ್ನೊಂದು ತೂಕದ ಮೇಲಿಟ್ಟರೆ ತೊಯ್ದ ಭಾರವನ್ನು ಕಳೆಯಬಹುದು ಅನ್ನಿಸುತ್ತದೆ. ಸಕ್ಕರೆ ಪಾಕ ಯಾವಾಗ ಇಡಬೇಕೆಂದು ಆಗ ತಿಳಿದೀತು.

ಮನೆಯ ಹಿರಿಯರು ಮೊಬೈಲಿನತ್ತ ನೋಡಲಿಲ್ಲ. “ತೂಕ ಇರ್ಲಿ ತಮಾ, ಕಾಲಲ್ಲಿ ಪರಾಗ ತತ್ತಾ ಇದ್ದ ನೋಡು” ಎಂದರು. ಪರಾಗ ಬರುತ್ತಿದೆಯೆಂದರೆ ರಾಣಿ ಮೊಟ್ಟೆ ಇಡುತ್ತಿದ್ದಾಳೆ, ಮರಿಗಳಿಗೆ ಊಟ ಬೇಕಾಗಿದೆ. ಮಳೆ ಬಿಟ್ಟಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಸಿಗುವ ಈ ಸುದ್ದಿಯನ್ನು ಸೆನ್ಸರ್ ಕೊಡುವುದಿಲ್ಲ. ಬಾಗಿಲಿಗೆ ಕ್ಯಾಮೆರಾ ಇಟ್ಟು ಪರಾಗ ಹೊತ್ತ ನೊಣಗಳನ್ನು ಎಣಿಸುವ ಪ್ರಯೋಗಗಳು ಹೊರದೇಶಗಳಲ್ಲಿ ನಡೆದಿವೆ. ಇಷ್ಟು ಮಳೆಯಲ್ಲಿ ಆ ಕ್ಯಾಮೆರಾದ ಗಾಜು ಎಷ್ಟು ದಿನ ತಿಳಿಯಾಗಿದ್ದೀತೋ.

ಶಿರಸಿ

ಕೈಯಲ್ಲಿ ಹತ್ತು ಪೆಟ್ಟಿಗೆ ಇದ್ದವರಿಗೆ ಯಂತ್ರ ಬೇಡ, ನಿಜ. ಆದರೆ 2022ರ ಜುಲೈ 31ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಹೆಸರಿಸಿದ ಉತ್ತರ ಕನ್ನಡದ ಮಧುಕೇಶ್ವರ ಹೆಗಡೆಯವರು 50 ಪೆಟ್ಟಿಗೆಗೆ ಸಹಾಯಧನ ಪಡೆದು ಶುರುಮಾಡಿ 800 ದಾಟಿಸಿದವರು. ಅಷ್ಟನ್ನು ದಿನವೂ ತೆರೆದು ನೋಡಲಾಗದು. ತೆರೆದಷ್ಟೂ ತುಡುವೆಗೆ ಕಿರಿಕಿರಿ, ಕಿರಿಕಿರಿ ಹೆಚ್ಚಾದರೆ ಎದ್ದೇ ಹೋಗುತ್ತದೆ. ತೆರೆಯದೆ ತಿಳಿಯುವ ದಾರಿಯೊಂದು ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಾನು ಹೆಚ್ಚು ನಂಬುವ ಗೆರೆ ಉಷ್ಣತೆಯದು. ಮರಿ ಇರುವ ಎರಿಗಳ ನಡುವೆ ನೊಣಗಳು ಸುಮಾರು 34–35 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುತ್ತವೆ. ಪುಷ್ಯದ ಮುಂಜಾವಿನ ಚಳಿಯಿರಲಿ, ಚೈತ್ರದ ಮಧ್ಯಾಹ್ನವಿರಲಿ, ಹೆಚ್ಚು ಕದಲದು. ಒಳಗಿನ ಗೆರೆ ಹೊರಗಿನ ಬಿಸಿಲು ಚಳಿಯ ಜೊತೆ ಏರಿಳಿಯತೊಡಗಿತೆಂದರೆ ಕಾಯಲು ಮರಿ ಉಳಿದಿಲ್ಲ. ಏಕೆ ಉಳಿದಿಲ್ಲ? ರಾಣಿ ಸತ್ತಳೇ, ಮರಿಗಳಿಗೆ ರೋಗವೇ, ಕುಟುಂಬವೇ ಹೊರಡಲು ಸಿದ್ಧವಾಗಿದೆಯೇ? ಗೆರೆ ಮೂರಕ್ಕೂ ಒಂದೇ.

ಸದ್ದಿನ ಕಥೆ ಇನ್ನೂ ತೊಡಕು. ಕಳೆದ ಶತಮಾನದ ನಡುವಿನಲ್ಲಿ, ಬಿಬಿಸಿಯಲ್ಲಿ ಧ್ವನಿ ತಂತ್ರಜ್ಞರಾಗಿದ್ದ ಎಡ್ವರ್ಡ್ ವುಡ್ಸ್ ಗೂಡಿನ ಝೇಂಕಾರದ ಏರುಪೇರಿನಿಂದ ಜೇನು ಕುಟುಂಬ ಪಾಲಾಗುವುದನ್ನು ಮುಂಚೆಯೇ ಹೇಳುವ ‘ಎಪಿಡಿಕ್ಟರ್’ ಎಂಬ ಯಂತ್ರ ಕಟ್ಟಿದ್ದರು. ಇಂದಿನ ಕಂಪ್ಯೂಟರ್ ಮಾದರಿಗಳು ಅದೇ ದಾರಿಯವು, ಕಿವಿ ಚುರುಕಾಗಿದೆ. ಆದರೆ ಅವು ಕೇಳಿ ಕಲಿತದ್ದು ಹೆಚ್ಚಾಗಿ ಯುರೋಪಿನ ಮೆಲ್ಲಿಫೆರಾ ಜೇನನ್ನು. ತುಡುವೆ ಮೈಯಲ್ಲಿ ಚಿಕ್ಕದು, ಅದರ ರೆಕ್ಕೆ ಬಡಿತ ಚುರುಕು. ಗಾಳಿ ಹಾಕುವಾಗ ಮೆಲ್ಲಿಫೆರಾ ಬಾಗಿಲಿಗೆ ಮುಖ ಮಾಡಿ ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ತುಡುವೆ ಹೊರಮುಖವಾಗಿ ನಿಂತು ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ. ಹಾಗಿದ್ದರೆ ಬಾಗಿಲ ಬಳಿಯ ತೇವಾಂಶದ ಅಂಕಿ ಇಬ್ಬರಲ್ಲೂ ಒಂದೇ ಅರ್ಥ ಕೊಟ್ಟೀತೇ? ಯುರೋಪಿನ ಜೇನು ಸಾಕಣೆಯವರ ದೊಡ್ಡ ಚಿಂತೆ ವರೋವಾ ನುಸಿ. ತುಡುವೆ ಆ ನುಸಿಯ ಜೊತೆ ಎಷ್ಟೋ ಕಾಲದಿಂದ ಬಾಳಿ, ಮೈ ಉಜ್ಜಿ ಕೆಡವುವುದನ್ನು ಕಲಿತಿದೆ. ಒಂದು ಅನುಕೂಲವೂ ಇದೆ: ತುಡುವೆ ಮರದ ಅಂಟು ತರುವುದಿಲ್ಲವಾದ್ದರಿಂದ ಸೆನ್ಸರಿನ ಮೇಲೆ ಅದನ್ನು ಮೆತ್ತುವುದಿಲ್ಲ.

ಅದೇ ಊರು, ಮತ್ತೊಂದು ದಿನ

ಹಳಬರ ಬಳಿ ಮಾತು 1991–92ಕ್ಕೆ ಹೋಗಿಯೇ ಹೋಗುತ್ತದೆ. ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ನುಗ್ಗಿದ ವರ್ಷಗಳು. ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹೋದವು. ಮರಿಹುಳು ಕೋಶವಾಗುವ ಮೊದಲೇ ಸತ್ತು, ತಲೆ ಮೇಲೆತ್ತಿ, ನೀರು ತುಂಬಿದ ಚೀಲದಂತೆ ಕಣದಲ್ಲಿ ಚಾಚಿಕೊಂಡಿರುತ್ತದೆ. ಆಗ ಈ ತಂತಿಗಳು ಇದ್ದಿದ್ದರೆ? ಉಷ್ಣತೆ ಕುಸಿಯುವ ಹೊತ್ತಿಗೆ ದಾದಿ ನೊಣಗಳ ಬಾಯಿಂದ ವೈರಸ್ ಗೂಡಿಡೀ ಹಬ್ಬಿರುತ್ತಿತ್ತು, ಆ ಪೆಟ್ಟಿಗೆ ಉಳಿಯುತ್ತಿರಲಿಲ್ಲ. ಆದರೆ ಒಂದು ಸೀಮೆಯಲ್ಲಿ ಒಟ್ಟೊಟ್ಟಿಗೆ ಹಲವು ಪೆಟ್ಟಿಗೆಗಳ ಗೆರೆ ಕುಸಿಯುವುದು ಕಂಡಿದ್ದರೆ, ಆಚೆ ಊರಿನವರು ಪೆಟ್ಟಿಗೆ, ಎರಿ ಕೊಡುಕೊಳ್ಳುವುದನ್ನಾದರೂ ನಿಲ್ಲಿಸಬಹುದಿತ್ತು. ಸೆನ್ಸರಿನ ನಿಜವಾದ ಬೆಲೆ ಇಲ್ಲಿದೆ ಎಂದು ನನಗೆ ತೋರುತ್ತದೆ: ಒಬ್ಬರ ಮೊಬೈಲಿನಲ್ಲಲ್ಲ, ನೆರೆಹೊರೆಯವರೆಲ್ಲ ಸೇರಿ ನೋಡುವ ಅಂಕಿಯಲ್ಲಿ.

ಯಲ್ಲಾಪುರದ ಕಾಡಂಚು

ಬಹಳ ಹೊತ್ತು ಕಾಡಿದ್ದು ಜೇನು ಬಿಟ್ಟುಹೋದ ಖಾಲಿ ಪೆಟ್ಟಿಗೆ. ಮುನ್ಸೂಚನೆ ಹೇಳಬೇಕಾದ ಮಾದರಿಗೆ ಹಿಂದೆ ಆದದ್ದನ್ನು ಕಲಿಸಬೇಕು: ಇದು ಬದುಕಿತು, ಇದು ನಾಶವಾಯಿತು ಎಂದು. ತುಡುವೆ ಎದ್ದುಹೋದ ಪೆಟ್ಟಿಗೆಯನ್ನು ಯಾವ ಕಡೆ ಬರೆಯುವುದು? ಹೂವು ಮುಗಿದಾಗ, ಇರುವೆ ಕಾಡಿದಾಗ, ಮೇಣದ ಹುಳು ಬಿದ್ದಾಗ ಅದು ಗೂಡು ಬಿಡುತ್ತದೆ. ಹಸಿವಿನಿಂದ ಹೊರಡುವಾಗ ರಾಣಿ ಮೊಟ್ಟೆ ಕಡಿಮೆ ಮಾಡುತ್ತಾಳೆ, ಇದ್ದ ಮರಿಗಳು ನೊಣವಾಗುತ್ತವೆ, ಕೂಡಿಟ್ಟ ತುಪ್ಪ ಹೊಟ್ಟೆ ಸೇರುತ್ತದೆ, ಆಮೇಲೆ ಪಯಣ. ಸಾಕಿದವರಿಗೆ ನಷ್ಟ, ಜೇನಿಗೆ ಬದುಕು. ಕಾಡಿನ ಯಾವುದೋ ಪೊಟರೆಯಲ್ಲಿ ಅದೇ ಕುಟುಂಬ ಇದ್ದೀತು. ಇಲ್ಲಿನವರು ಹೊಸ ಕುಟುಂಬ ಹಿಡಿದು ತರುವುದೂ ಅಂಥ ಪೊಟರೆಗಳಿಂದಲೇ. ಇದನ್ನು ಸಾವಿನ ಕಡೆ ಬರೆದರೆ ಯಂತ್ರ ಆರೋಗ್ಯವಂತ ನಿರ್ಧಾರವನ್ನೇ ರೋಗವೆಂದು ಕಲಿಯುತ್ತದೆ.

ಆದ್ದರಿಂದ ಪೆಟ್ಟಿಗೆ ಖಾಲಿಯಾದ ದಿನ ಎರಿಯಲ್ಲಿ ಏನಿತ್ತೆಂದು ಯಾರಾದರೂ ಕಣ್ಣಾರೆ ನೋಡಿ ಬರೆಯಬೇಕು. ಬರಿದಾದ ಶುಚಿ ಎರಿಯೋ, ಚೀಲದಂಥ ಸತ್ತ ಮರಿಯೋ, ಹುಳುವಿನ ಬಲೆಯೋ. ಜೊತೆಗೆ ಆ ವಾರ ಸುತ್ತ ಯಾವ ಮರ ಹೂ ಬಿಟ್ಟಿತ್ತು, ತೋಟದಲ್ಲಿ ಅಡಿಕೆಯ ಕೊಳೆ ರೋಗದ ಔಷಧಿ ಹೊಡೆದಿದ್ದರೇ ಎಂಬುದು. ನೇರಳೆ, ಮತ್ತಿ ಇವುಗಳ ಹೂ ವರ್ಷವರ್ಷದ್ದು, ಎರಡು ಮೂರು ವರ್ಷದ ಅಂಕಿಯಲ್ಲಿ ಬಂದುಬಿಡುತ್ತದೆ. ಗುರಿಗೆ ಗಿಡದ ಹೂ ಹಾಗಲ್ಲ, ಹಲವು ವರ್ಷ ಸುಮ್ಮನಿದ್ದು ಒಮ್ಮೆಲೇ ಗುಡ್ಡ ತುಂಬುತ್ತದೆ. ಮೂರೂ ತಾಲ್ಲೂಕಿನ ಈ ದಾಖಲೆಯನ್ನು ಗುರಿಗೆ ಅರಳುವ ಒಂದು ವರ್ಷವಾದರೂ ಸೇರುವ ತನಕ ನಿಲ್ಲಿಸಬಾರದು.