ಲಾಕ್ ನೆಸ್ ದಂಡೆಯಲ್ಲಿ ಹರಿದ ಟೈರು

ಹಾಸನದಿಂದ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ನಮ್ಮ ದುದ್ದ. ಇಲ್ಲಿ ಬಾಡಿಗೆ ಕಾರು ಬೇಕೆಂದರೆ ಮಾತು ಎರಡೇ: ಕಿಲೋಮೀಟರಿಗೆ ಎಷ್ಟು, ಡ್ರೈವರ್ ಬಾಟಾ ಎಷ್ಟು. ವಿಮೆಯ ವಿಚಾರ ಕೇಳಿದವರನ್ನು ನಾನು ಕಂಡಿಲ್ಲ. ವಿಜ್ಞಾನದ ಮೇಷ್ಟ್ರಾದ ನಾನೂ ಕೇಳಿದವನಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಸ್ಕಾಟ್ಲೆಂಡಿಗೆ ಹೋದಾಗ ಆ ಪಾಠವನ್ನು ದುಡ್ಡು ಕೊಟ್ಟು ಕಲಿಯಬೇಕಾಯಿತು.

ಮಗ ಎಡಿನ್‌ಬರೋದಲ್ಲಿ ಎಂ.ಎಸ್ಸಿ. ಓದುತ್ತಿದ್ದ, ವಯಸ್ಸು 23. ಭಾರತದ ಲೈಸೆನ್ಸಿನ ಮೇಲೆ ಅಲ್ಲಿ ಮೊದಲ 12 ತಿಂಗಳು ಕಾರು ಓಡಿಸಬಹುದು. ರಸ್ತೆಯೂ ನಮ್ಮಂತೆಯೇ ಎಡಗಡೆ. ದಿನಕ್ಕೆ 42 ಪೌಂಡಿನಂತೆ ಮೂರು ದಿನಕ್ಕೆ ಕಾರು ಗೊತ್ತುಮಾಡಿದ್ದ. ಕೌಂಟರಿಗೆ ಹೋದರೆ, 25 ತುಂಬದ ಚಾಲಕನೆಂದು ದಿನಕ್ಕೆ ಇನ್ನೂ 25 ಪೌಂಡ್ ಸೇರಿಸಿದರು. ಅವನ ಕ್ರೆಡಿಟ್ ಕಾರ್ಡಿನಲ್ಲಿ 1,200 ಪೌಂಡ್ ತಡೆಹಿಡಿದರು. ಆಮೇಲೆ ಅಲ್ಲಿದ್ದ ಹುಡುಗಿ, ದಿನಕ್ಕೆ 18 ಪೌಂಡ್ ಕೊಟ್ಟರೆ ಟೈರು, ಗಾಜಿಗೂ ರಕ್ಷಣೆ ಸಿಗುತ್ತದೆ ಎಂದಳು.

‘ವಿಮೆ ಬಾಡಿಗೇಲೇ ಸೇರಿದೆ ಅಂತ ಬರೆದಿದ್ದಾರಲ್ಲೋ. ಇದೆಲ್ಲ ವ್ಯಾಪಾರ, ಬೇಡ ಅನ್ನು’ ಎಂದೆ.

‘ಅಪ್ಪ, ಒಂದ್ಸಲ ಓದಿ ನೋಡೋಣ.’

‘ಹೊತ್ತಾಯ್ತು, ನಡಿ.’

ಲಾಕ್ ನೆಸ್ ಸುಮಾರು 37 ಕಿ.ಮೀ. ಉದ್ದದ ಸರೋವರ. ಭೂಪದರದ ದೊಡ್ಡ ಬಿರುಕೊಂದರ ಗುಂಟ ಹಿಮನದಿ ಕೊರೆದ ಕಣಿವೆಯಿದು. ಆಳ 200 ಮೀಟರಿಗೂ ಮಿಗಿಲು. 1933ರಲ್ಲಿ ಪತ್ರಿಕೆಯಲ್ಲಿ ಬಂದ ಸುದ್ದಿಯಿಂದಾಗಿ ಜನ ಇಂದಿಗೂ ಇಲ್ಲಿ ವಿಚಿತ್ರ ಪ್ರಾಣಿಯನ್ನು ಹುಡುಕುತ್ತಾರೆ. ನಾನು ಹುಡುಕಿದ್ದು ಫಾಯರ್ಸ್ ಜಲಪಾತವನ್ನು. 1896ರಲ್ಲೇ ಇಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಾಗಿ ನೀರಿನಿಂದ ವಿದ್ಯುತ್ ತೆಗೆದರು. ನಮ್ಮ ಶಿವನಸಮುದ್ರದ ದೀಪ ಹೊತ್ತಿದ್ದು 1902ರಲ್ಲಿ.

ಅಲ್ಲಿಗೆ ಹೋಗುವ ದಾರಿ ಕೆಲವೆಡೆ ಒಂದೇ ವಾಹನದಷ್ಟು ಅಗಲ. ಎದುರಿನ ಗಾಡಿಗೆ ಜಾಗ ಬಿಡಲು ಮಗ ಅಂಚಿಗೆ ಸರಿದ. ಚೂಪು ಕಲ್ಲು ಟೈರಿನ ಪಕ್ಕೆಯನ್ನು ಸೀಳಿತು. ಟೈರಿನ ಪಕ್ಕೆ ತೆಳು, ಉರುಳುವಾಗ ಸದಾ ಬಾಗುವ ಭಾಗ. ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಡಿಕ್ಕಿ ತೆರೆದರೆ ಸ್ಟೆಪ್ನಿಯೇ ಇಲ್ಲ, ತೂತು ಮುಚ್ಚುವ ಅಂಟಿನ ಡಬ್ಬಿಯೊಂದಿತ್ತು! ಎರಡು ಗಂಟೆ ಕಾದೆವು. ಟೈರು, ಬಂದವರ ಕೂಲಿ, ಕಂಪನಿಯ ಕಾಗದಪತ್ರದ ಖರ್ಚು ಸೇರಿ 235 ಪೌಂಡ್, ಎಂದರೆ 23,000 ರೂಪಾಯಿಗೂ ಹೆಚ್ಚು. 126 ಪೌಂಡೆಂದು ಹೊರಟ ಲೆಕ್ಕ 436ಕ್ಕೆ ಮುಟ್ಟಿತು. ಆ ತಿಂಗಳ ಮಗನ ಊಟದ ಖರ್ಚಿಗೆ ಕತ್ತರಿ ಬಿತ್ತು.

ರಾತ್ರಿ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ಕರಾರುಪತ್ರ ಓದಿದೆ. ವಿಮೆ ಇದ್ದದ್ದು ನಿಜ. ಅಪಘಾತದಲ್ಲಿ ಇತರರಿಗಾಗುವ ಹಾನಿಗೆ ಅದು ಕಾನೂನಿನಂತೆ ಕಡ್ಡಾಯ. ಆದರೆ ಬಾಡಿಗೆ ಕಾರಿಗೇ ಪೆಟ್ಟಾದರೆ ಮೊದಲ 1,200 ಪೌಂಡ್ ನಮ್ಮದು. ಇದಕ್ಕೇ ‘ಎಕ್ಸೆಸ್’ ಎನ್ನುತ್ತಾರೆ. ಟೈರು, ಗಾಜು, ಕಾರಿನ ತಳಭಾಗ ಇವು ವಿಮೆಯಿಂದಲೇ ಹೊರಗೆ. ಈ ಎಕ್ಸೆಸ್ಸಿಗೆ ಬೇರೆ ವಿಮಾ ಕಂಪನಿಯಿಂದ ಮೊದಲೇ ಪಾಲಿಸಿ ಕೊಂಡರೆ ಸಾಮಾನ್ಯವಾಗಿ ಕೌಂಟರಿಗಿಂತ ಅಗ್ಗವಂತೆ. ಬೇಡ ಎಂದದ್ದು ನನ್ನ ತಪ್ಪಲ್ಲ; ಓದದೆ ಬೇಡ ಎಂದದ್ದು ತಪ್ಪು.

ಊರಿಗೆ ಮರಳುವ ಹೊತ್ತಿಗೆ ದುದ್ದದ ಹೊಲಗಳಲ್ಲಿ ಆಲೂಗಡ್ಡೆ ಬಿತ್ತನೆ ಸಾಗಿತ್ತು. ಪರಿಚಿತರೊಬ್ಬರು ಮನೆಮಂದಿಯನ್ನೆಲ್ಲ ಹಳೇಬೀಡಿಗೆ ಕರೆದೊಯ್ಯಲು ಬಿಳಿ ಬೋರ್ಡಿನ ವ್ಯಾನು ಗೊತ್ತುಮಾಡಿದ್ದರು. ‘ಹಳದಿ ಬೋರ್ಡಿಗಿಂತ ಸಾವಿರ ರೂಪಾಯಿ ಕಡಿಮೆ ಮೇಷ್ಟ್ರೇ’ ಎಂದರು. ಸ್ವಂತ ಬಳಕೆಯ ವಾಹನದ ಪಾಲಿಸಿಯಲ್ಲಿ ‘ಬಾಡಿಗೆಗೆ ಓಡಿಸುವಂತಿಲ್ಲ’ ಎಂಬ ಷರತ್ತಿರುತ್ತದೆ. ಹೆಚ್ಚುಕಡಿಮೆಯಾದರೆ ವಿಮಾ ಕಂಪನಿ ತಕರಾರು ತೆಗೆಯಬಹುದು ಎಂದು ತಿಳಿಸಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ ಹಳದಿ ಬೋರ್ಡಿನವನಿಗೆ ಫೋನ್ ಮಾಡಿದರು.

ಮಕ್ಕಳೇ, ನಾಳೆ ನೀವೂ ಪರದೇಶಕ್ಕೆ ಹೋಗುವವರು. ಕಾರಿನ ಬೀಗದ ಕೈ ಇಸಿದುಕೊಳ್ಳುವ ಮೊದಲು ಸುತ್ತಲೂ ಫೋಟೊ ತೆಗೆಯಿರಿ. ‘ಎಕ್ಸೆಸ್ ಎಷ್ಟು, ಯಾವುದಕ್ಕೆ ವಿಮೆಯಿಲ್ಲ’ ಎಂದು ಕೇಳಿರಿ. ಅಪ್ಪ ಪಕ್ಕದಲ್ಲಿ ನಿಂತು ಅವಸರ ಮಾಡಿದರೆ, ಅವರನ್ನೂ ಒಂದು ಗಳಿಗೆ ಕೂರಿಸಿರಿ.