ಡೇವಿಸ್: ಸೈಕಲ್ಲಿಗೆ ದಾರಿ ಬಿಟ್ಟ ಊರು

ಒಂದು ತರಗತಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹತ್ತು ನಿಮಿಷ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಆಗ ಎತ್ತ ನೋಡಿದರೂ ಸೈಕಲ್ಲುಗಳೇ. ಕತ್ತಿಗೆ ಚೀಲ ನೇತುಹಾಕಿಕೊಂಡ ಹುಡುಗಿಯರು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದ ಹುಡುಗರು, ಪ್ಯಾಂಟಿನ ಕಾಲಿಗೆ ಪಟ್ಟಿ ಬಿಗಿದ ನರೆಗೂದಲಿನ ಪ್ರಾಧ್ಯಾಪಕರು, ಎಲ್ಲರೂ ಪೆಡಲ್ ತುಳಿಯುವವರೇ. ದಾರಿಗಳು ಕೂಡುವ ಕಡೆ ಪೊಲೀಸರಿಲ್ಲ, ಕೆಂಪು ಹಸಿರು ದೀಪಗಳಿಲ್ಲ. ಇರುವುದು ಒಂದು ಪುಟ್ಟ ವೃತ್ತ. ಎಲ್ಲರೂ ಅದಕ್ಕೊಂದು ಅಪ್ರದಕ್ಷಿಣೆ ಹಾಕಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಎಡಗಡೆ ಸವಾರಿ ಮಾಡಿ ರೂಢಿಯಾದ ಭಾರತದ ವಿದ್ಯಾರ್ಥಿಗೆ ಇಲ್ಲಿ ಸಿಗುವ ಮೊದಲ ಪಾಠ ಪುಸ್ತಕದ್ದಲ್ಲ, ಈ ವೃತ್ತದ್ದು!

ಡೇವಿಸ್ ಇರುವುದು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಿಂದ ಪಶ್ಚಿಮಕ್ಕೆ, ಇಪ್ಪತ್ತು ಚಿಲ್ಲರೆ ಕಿ.ಮೀ. ದೂರದಲ್ಲಿ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 67 ಸಾವಿರ. ಸುತ್ತ ಟೊಮೆಟೊ ಹೊಲ, ಬಾದಾಮಿ ಮತ್ತು ಅಕ್ರೋಟು ತೋಪು. ನೆಲವಂತೂ ಅಂಗೈಯಂತೆ ಸಮತಟ್ಟು. ಊರಿನ ಲಾಂಛನವೇ ಸೈಕಲ್: ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇರುವ ಹಳೆಯ ಕಾಲದ ಸೈಕಲ್. ಅಮೆರಿಕದ ಸೈಕಲ್ ವೀರರನ್ನು ಸ್ಮರಿಸುವ ವಸ್ತುಸಂಗ್ರಹಾಲಯವೂ 2010ರಲ್ಲಿ ನ್ಯೂಜೆರ್ಸಿಯಿಂದ ಈ ಊರಿಗೇ ಬಂತು.

ಸಮತಟ್ಟು ನೆಲವಿದ್ದರೆ ಸೈಕಲ್ ಊರು ತಾನಾಗಿಯೇ ಆಗಿಬಿಡುತ್ತದೆಯೇ? ಹಾಗೆಂದು ಭಾವಿಸಿದರೆ ತಪ್ಪಾದೀತು. ಅದೇ ಬಯಲಿನಲ್ಲಿ, ಅಷ್ಟೇ ಸಮತಟ್ಟಾದ ಬೇರೆ ಊರುಗಳೂ ಇವೆ. ಅಲ್ಲೆಲ್ಲ ಕಾರಿನದೇ ಕಾರುಬಾರು.

ಚುನಾವಣೆಯಲ್ಲಿ ಗೆದ್ದ ಸೈಕಲ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಶ್ವವಿದ್ಯಾಲಯದ ಕೃಷಿ ಕ್ಷೇತ್ರವಾಗಿ ಶುರುವಾದ ಡೇವಿಸ್ ಆವರಣ, 1959ರಲ್ಲಿ ಎಲ್ಲ ವಿಷಯಗಳನ್ನೂ ಕಲಿಸುವ ಪೂರ್ಣ ಪ್ರಮಾಣದ ಕೇಂದ್ರವಾಯಿತು. ಅದೇ ವರ್ಷ ಕುಲಪತಿಯಾದ ಎಮಿಲ್ ಮ್ರಾಕ್, ಆವರಣದ ನಕ್ಷೆ ಬರೆಯುವಾಗಲೇ ಮರಗಳಿಗೂ ಸೈಕಲ್ಲುಗಳಿಗೂ ಜಾಗ ಇಡಬೇಕೆಂದರು. ಹೊಸ ವಿದ್ಯಾರ್ಥಿಗಳು ಬರುವಾಗ ಸೈಕಲ್ ತರಲಿ ಎಂಬುದು ಅವರ ಆಸೆ. ಮುಂದೆ ಆವರಣದ ನಡುಭಾಗಕ್ಕೆ ಕಾರುಗಳ ಪ್ರವೇಶವೇ ನಿಂತಿತು.

ಊರಿನೊಳಗಿನ ಕಥೆ ಬೇರೆ. ಫ್ರ್ಯಾಂಕ್ ಮತ್ತು ಈವ್ ಚೈಲ್ಡ್ ದಂಪತಿ ಮಕ್ಕಳೊಂದಿಗೆ ಹಾಲೆಂಡಿನ ಹೇಗ್ ನಗರದಲ್ಲಿ ಕೆಲಕಾಲ ಇದ್ದು ಬಂದವರು. ಅಲ್ಲಿ ಸೈಕಲ್ಲಿಗೆಂದೇ ಬೇರೆ ದಾರಿ ಇದ್ದುದನ್ನು ಕಂಡಿದ್ದರು. ಡೇವಿಸ್‌ಗೆ ಮರಳಿದರೆ ಇಲ್ಲಿ ಕಾರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಮಕ್ಕಳನ್ನು ಸೈಕಲ್ ಮೇಲೆ ಕಳಿಸಲು ಭಯ. ಹಾಲೆಂಡಿನಲ್ಲಿ ಆಗುವುದು ಇಲ್ಲೇಕಾಗದು ಎಂದು ಅವರು ಕೇಳಿದರು. ಜೊತೆಗೆ ನೆರೆಹೊರೆಯವರು ಸೇರಿದರು, ಸಹಿ ಸಂಗ್ರಹವಾಯಿತು. ನಗರಸಭೆ ಒಪ್ಪಲಿಲ್ಲ. 1966ರ ನಗರಸಭೆ ಚುನಾವಣೆಯಲ್ಲಿ ಇದೇ ದೊಡ್ಡ ವಿಷಯವಾಗಿ, ಸೈಕಲ್ ಪರವಾಗಿ ನಿಂತವರು ಗೆದ್ದು ಬಂದರು.

ಗೆದ್ದಮೇಲೂ ಕೆಲಸ ಸುಲಭವಾಗಲಿಲ್ಲ. ರಸ್ತೆಯ ಒಂದು ಪಾಲನ್ನು ಸೈಕಲ್ಲಿಗೆಂದೇ ಮೀಸಲಿಡಲು ರಾಜ್ಯದ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಅದಕ್ಕೆ ತಿದ್ದುಪಡಿ ತರಬೇಕಾಯಿತು. ಕೊನೆಗೆ 1967ರಲ್ಲಿ ಊರಿನ ಎಂಟನೇ ಬೀದಿಯ ಅಂಚಿನಲ್ಲಿ ಒಂದು ಬಿಳಿ ಗೆರೆ ಎಳೆದರು. ಅಮೆರಿಕದ ಮೊದಲ ಅಧಿಕೃತ ಸೈಕಲ್ ಪಥವೆಂದು ಹೆಸರಾದದ್ದು ಇದೇ. ಬಣ್ಣದ ಖರ್ಚು ಅಷ್ಟೇನಿರಲಿಲ್ಲ, ಆದರೆ ಆ ಗೆರೆಯ ಹಿಂದೆ ವರ್ಷಗಳ ಜಗ್ಗಾಟವಿತ್ತು.

ಈಗ ಊರನ್ನು ಸುತ್ತುವ 12 ಮೈಲಿಯ, ಅಂದರೆ ಸುಮಾರು 19 ಕಿ.ಮೀ. ಸೈಕಲ್ ವರ್ತುಲವಿದೆ. ಹೊಸಬರು ದಾರಿ ತಪ್ಪದಿರಲೆಂದು ನೆಲದ ಮೇಲೆ ಗುರುತು ಹಾಕಿದ್ದಾರೆ. ಬಡಾವಣೆಗಳ ಹಿಂಬದಿಯ ಹಸಿರು ಪಟ್ಟಿಗಳಲ್ಲಿ ಸಾಗುವ ಈ ದಾರಿ, ದೊಡ್ಡ ರಸ್ತೆ ಅಡ್ಡ ಬಂದ ಹಲವು ಕಡೆ ಅದರ ಕೆಳಗೆ ನುಸುಳುತ್ತದೆ ಅಥವಾ ಮೇಲೆ ಹಾಯುತ್ತದೆ. ಹತ್ತು ವರ್ಷದ ಮಗು ಒಂಟಿಯಾಗಿ ಶಾಲೆಗೋ ಮೈದಾನಕ್ಕೋ ಹೋಗಿ ಬರಬಹುದು. 2005ರಲ್ಲಿ ಅಮೆರಿಕದ ಸೈಕಲ್ ಸವಾರರ ರಾಷ್ಟ್ರೀಯ ಸಂಘ ಡೇವಿಸ್‌ಗೆ ಪ್ಲಾಟಿನಂ ಗೌರವ ಕೊಟ್ಟಿತು. ಆ ಮಟ್ಟಕ್ಕೇರಿದ ಮೊದಲ ನಗರವಿದು.

ಅಕ್ರೋಟು ಮರಗಳ ಸಾಲಿನಲ್ಲಿ

ಊರೊಳಗೆ ಸುತ್ತಾಡಿ ಸಾಕೆನಿಸಿದವರು ಹ್ಯಾಂಡಲ್ ತಿರುಗಿಸುವುದು ಪಶ್ಚಿಮಕ್ಕೆ. ರಸೆಲ್ ಬುಲೆವಾರ್ಡ್ ಪಕ್ಕದ ಸೈಕಲ್ ದಾರಿ ಹಳೆಯ ಅಕ್ರೋಟು ಮರಗಳ ಸಾಲಿನ ನೆರಳಿನಲ್ಲಿ ಸಾಗುತ್ತದೆ. ಗುರಿ ವಿಂಟರ್ಸ್ ಎಂಬ ಪುಟ್ಟ ಊರು, ಸುಮಾರು 22 ಕಿ.ಮೀ. ಫೆಬ್ರವರಿಯಲ್ಲಿ ಹೋದರೆ ಬಾದಾಮಿ ಮರಗಳು ಎಲೆಗೂ ಮುಂಚೆ ಹೂ ತುಂಬಿಕೊಂಡು, ತೋಪಿಗೆ ತೋಪೇ ಬೆಳ್ಳಗೆ ನಿಂತಿರುತ್ತವೆ.

ಹೀಗೆ ಹೋಗುತ್ತಿರುವಾಗಲೇ ಪ್ರತ್ಯೇಕ ದಾರಿ ಮುಗಿದುಬಿಡುತ್ತದೆ! ಊರಿನ ಜನ ಹಟ ಹಿಡಿದು ಪಡೆದದ್ದು ಊರಿನ ಆಸುಪಾಸಿಗಷ್ಟೇ. ಅಲ್ಲಿಂದಾಚೆಗೆ ಎರಡು ಸಾಲಿನ ಹಳ್ಳಿ ರಸ್ತೆ. ಅಂಚಿನಲ್ಲಿ ಒಂದು ಗೇಣು ಜಾಗ ಸಿಕ್ಕರೆ ಪುಣ್ಯ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಟೊಮೆಟೊ ಕೊಯ್ಲು. ಜೋಡಿ ತೊಟ್ಟಿ ಕಟ್ಟಿಕೊಂಡ ಲಾರಿಗಳು ಕಾರ್ಖಾನೆಗಳತ್ತ ಓಡುತ್ತವೆ. ತಿರುವುಗಳಲ್ಲಿ ಉದುರಿದ ಟೊಮೆಟೊ ರಸ್ತೆಯೆಲ್ಲ ಕೆಂಪಾಗಿ ಜಾರುತ್ತದೆ. ಊರೊಳಗೆ ಗುಂಪಾಗಿ ಹರಟುತ್ತ ಬಂದವರು ಇಲ್ಲಿ ಮಾತು ನಿಲ್ಲಿಸಿ ಒಬ್ಬರ ಹಿಂದೊಬ್ಬರು ಸಾಲಾಗುತ್ತಾರೆ.

ವಾಹನ ಕಡಿಮೆ ಇರಲಿ ಎನ್ನುವವರು ಪ್ಯೂಟಾ ತೊರೆಯನ್ನು ದಾಟಿ ದಕ್ಷಿಣ ದಂಡೆಯ ರಸ್ತೆ ಹಿಡಿಯುವುದುಂಟು. ದಾಟಲು 1923ರಲ್ಲಿ ಕಟ್ಟಿದ ಕಾಂಕ್ರೀಟ್ ಕಮಾನಿನ ಸ್ಟೀವನ್‌ಸನ್ ಸೇತುವೆ ಇದೆ. ಈ ತೊರೆಯೇ ಯೋಲೊ, ಸೊಲಾನೊ ಕೌಂಟಿಗಳ ಗಡಿ. ವಿಂಟರ್ಸ್ ತಲುಪುವಾಗ ತೊರೆಯ ಮೇಲೆ ಹಳೆಯ ರೈಲು ಸೇತುವೆ ಎದುರಾಗುತ್ತದೆ. ರೈಲು ನಿಂತುಹೋಗಿ ಈಗ ಅದು ನಡೆಯುವವರ, ಸೈಕಲ್ಲಿನವರ ಪಾಲಾಗಿದೆ.

ನೀರೊಳಗಿನ ಊರು

ವಿಂಟರ್ಸ್‌ನಲ್ಲಿ ತಿಂಡಿ ಮುಗಿಸಿ ನೀರು ತುಂಬಿಕೊಂಡವರು 128ನೇ ಹೆದ್ದಾರಿಯಲ್ಲಿ ಬೆಟ್ಟದತ್ತ ಹೊರಡುತ್ತಾರೆ. ತೊರೆಯ ಪಕ್ಕದಲ್ಲಿ ಸುಮಾರು 15 ಕಿ.ಮೀ. ಸಾಗಿದರೆ ಎರಡು ಗುಡ್ಡಗಳ ನಡುವೆ ಮಾಂಟಿಸೆಲೊ ಅಣೆಕಟ್ಟು. ಎತ್ತರ 304 ಅಡಿ. ಅದರ ಹಿಂದೆ ನಿಂತ ನೀರೇ ಬೆರಿಯೆಸ್ಸಾ ಸರೋವರ. ಅಣೆಕಟ್ಟಿನ ಪಕ್ಕದಲ್ಲಿ ನೀರಿನ ನಡುವೆ ಬಾಯಿ ತೆರೆದ ಭಾರಿ ಕಾಂಕ್ರೀಟ್ ಆಲಿಕೆ ಕಾಣುತ್ತದೆ. ಅದರ ಬಾಯಿಯ ಅಗಲವೇ 72 ಅಡಿ. ಸರೋವರ ತುಂಬಿ ತುಳುಕಿದಾಗ ಹೆಚ್ಚುವರಿ ನೀರು ಈ ಆಲಿಕೆಗಿಳಿದು ಸುರಂಗದ ಮೂಲಕ ಕೆಳಗಿನ ತೊರೆ ಸೇರುತ್ತದೆ. ಹತ್ತಾರು ವರ್ಷ ಬತ್ತಿ ನಿಲ್ಲುವುದೂ ಉಂಟು. 2017ರ ಫೆಬ್ರವರಿಯಲ್ಲಿ ನೀರು ಧುಮುಕಿದಾಗ ನೋಡಲು ಜನ ಮುಗಿಬಿದ್ದಿದ್ದರು.

ಈ ನೀರಿನಡಿಯಲ್ಲಿ ಒಂದು ಊರಿದೆ. ಅದರ ಹೆಸರೂ ಮಾಂಟಿಸೆಲೊ. 1957ರಲ್ಲಿ ಅಣೆಕಟ್ಟು ಮುಗಿಯುವ ಮೊದಲೇ ಜನ ಮನೆ, ಹೊಲ, ತೋಟ ಬಿಟ್ಟು ಹೊರಟರು. ಗೋರಿಗಳನ್ನೂ ಅಗೆದು ಬೇರೆಡೆಗೆ ಸಾಗಿಸಿದರು. ಹೆಸರಾಂತ ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ ಮತ್ತು ಪಿರ್ಕಲ್ ಜೋನ್ಸ್ ಆ ಕೊನೆಯ ದಿನಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದಾರೆ. ಊರಿನ ಹಳೆಯ ಕಲ್ಲು ಸೇತುವೆಯನ್ನು ಮಾತ್ರ ಕೆಡವಲಿಲ್ಲ. ಅದು ನೀರೊಳಗೆ ಹಾಗೆಯೇ ನಿಂತಿದೆ. ಮುಳುಗಡೆಯ ನೋವು ಬಲ್ಲ ಕನ್ನಡಿಗರಿಗೆ ಈ ಸರೋವರದ ದಂಡೆಯಲ್ಲಿ ಶರಾವತಿ ನೆನಪಾಗದಿರದು. ಇಲ್ಲಿಂದ ಮೇಲಕ್ಕೇರುವ ದಾರಿಯ ಒಂದು ಏರಿಗೆ ಸವಾರರು 'ಕಾರ್ಡಿಯಾಕ್' ಎಂದು ಹೆಸರಿಟ್ಟಿದ್ದಾರೆ. ಹತ್ತಿದವರ ಎದೆಬಡಿತ ಕೇಳಿದರೆ ಹೆಸರಿನ ಅರ್ಥ ತಿಳಿದೀತು!

ಡೇವಿಸ್ ಬೈಕ್ ಕ್ಲಬ್ ದಶಕಗಳ ಕಾಲ ನಡೆಸಿದ, ಒಂದೇ ದಿನದಲ್ಲಿ 200 ಮೈಲಿ ತುಳಿಯುವ ಸವಾರಿ ಹೆಸರು ಮಾಡಿದ್ದು ಇಂಥ ಏರುಗಳಿಂದಲೇ. ಸಾಮಾನ್ಯರಿಗೆ ಅಣೆಕಟ್ಟಿನವರೆಗೆ ಹೋಗಿ ಮರಳುವುದೇ ಸಾಕು. ಅಷ್ಟಕ್ಕೇ 75 ಕಿ.ಮೀ. ಆಗುತ್ತದೆ.

ಬೆಟ್ಟದ ಮೈಮೇಲೆ ಅಲ್ಲಲ್ಲಿ ಕರಿ ಮೋಟುಗಳು ಕಣ್ಣಿಗೆ ಬಿದ್ದರೆ ಅವು 2020ರ ಆಗಸ್ಟ್ ತಿಂಗಳ ಕಾಳ್ಗಿಚ್ಚಿನ ಗುರುತು. ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿಗಳು ಒಂದಾಗಿ ಈ ಸೀಮೆಯಲ್ಲಿ ಮೂರೂವರೆ ಲಕ್ಷ ಎಕರೆಗೂ ಹೆಚ್ಚು ಪ್ರದೇಶ ಸುಟ್ಟಿತು. ಜೀವಹಾನಿಯೂ ಆಯಿತು. ವಿಂಟರ್ಸ್‌ನಿಂದ ದಕ್ಷಿಣಕ್ಕೆ ಹೋಗುವ, ಸವಾರರಿಗೆ ಬಲು ಪ್ರಿಯವಾದ ಪ್ಲೆಸೆಂಟ್ಸ್ ವ್ಯಾಲಿ ರಸ್ತೆಯ ಆಸುಪಾಸಿನ ಮನೆ, ತೋಟಗಳೂ ಉಳಿಯಲಿಲ್ಲ. ಬೇಸಿಗೆಯ ಕೊನೆಯಲ್ಲಿ ಹೊರಡುವವರು ಈಗ ಗಾಳಿಯಲ್ಲಿ ಹೊಗೆಯಿದೆಯೇ ಎಂದು ವಿಚಾರಿಸಿಯೇ ಹೊರಡುತ್ತಾರೆ.

ಪೂರ್ವಕ್ಕೆ ಇನ್ನೊಂದು ದಾರಿ

ಬೆಟ್ಟ ಬೇಡವೆನ್ನುವವರಿಗೆ ಪೂರ್ವದಿಕ್ಕಿನ ಸ್ಯಾಕ್ರಮೆಂಟೊ ಇದೆ. ನಡುವೆ ಮಳೆಗಾಲದ ನೆರೆನೀರಿಗೆಂದು ಬಿಟ್ಟ ವಿಶಾಲ ತಗ್ಗು. ಅದರ ಮೇಲೆ ಸುಮಾರು 5 ಕಿ.ಮೀ. ಉದ್ದದ ಯೋಲೊ ಸೇತುವೆ. ಹೆದ್ದಾರಿಯ ಪಕ್ಕದಲ್ಲೇ ಗೋಡೆಯಿಂದ ಬೇರ್ಪಡಿಸಿದ ಸೈಕಲ್ ದಾರಿಯಿದೆ. ಅಪಾಯವಿಲ್ಲ, ಆದರೆ ವಾಹನಗಳ ಸದ್ದಿಗೆ ಕಿವಿ ಗುಂಯ್ಗುಡುತ್ತದೆ. ಬೇಸಿಗೆಯ ಸಂಜೆ ಈ ಸೇತುವೆಯಡಿಯಿಂದ ಲಕ್ಷಗಟ್ಟಲೆ ಬಾವಲಿಗಳು ಹೊಗೆಯ ಸುರುಳಿಯಂತೆ ಹೊರಬೀಳುವ ನೋಟವಂತೂ ಮರೆಯಲಾಗದ್ದು. ಮರಳುವಾಗ ಕಾಲು ಸೋತರೆ ಸೈಕಲ್ಲನ್ನೇ ರೈಲಿಗೆ ಹತ್ತಿಸಬಹುದು.

ಹೋಗುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ದಾಟುವುದುಂಟು, ಆದ್ದರಿಂದ ಬೆಳಕು ಹರಿಯುವಾಗಲೇ ಹೊರಡಬೇಕು. ಚಳಿಗಾಲದಲ್ಲಿ ಬಯಲಿಗಿಳಿಯುವ ದಟ್ಟ ಮಂಜಿನಲ್ಲಿ ಮಾರು ದೂರದ ಲಾರಿಯೂ ಕಾಣದು. ಏಪ್ರಿಲ್, ಮೇ ಹಾಗೂ ಅಕ್ಟೋಬರ್ ಹಿತವಾದ ಕಾಲ. ಪಂಕ್ಚರ್ ಸಾಮಾನು ಮರೆಯಬಾರದು. ರಸ್ತೆಯಂಚಿನಲ್ಲಿ ಟೈರಿಗೆ ಚುಚ್ಚುವ ಮುಳ್ಳು ಯಾವುದು ಗೊತ್ತೇ? ನಮ್ಮ ಹೊಲಗಳ ನೆಗ್ಗಿಲು ಮುಳ್ಳೇ! ಅಲ್ಲಿ ಅದರ ಹೆಸರೇ 'ಪಂಕ್ಚರ್ ಬಳ್ಳಿ'.

ಸೈಕಲ್ ಊರಿಗೂ ಏಳುಬೀಳು ತಪ್ಪಿಲ್ಲ. 1980ರ ಸುಮಾರಿಗೆ ಡೇವಿಸ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಕಾಲುಭಾಗದಷ್ಟು ಜನ ಸೈಕಲ್ಲಿನಲ್ಲಿ ಹೋಗುತ್ತಿದ್ದರು. 2000ದ ಜನಗಣತಿಯ ಹೊತ್ತಿಗೆ ಅದು ಶೇ. 14ಕ್ಕೆ ಇಳಿಯಿತು. ಊರು ಬೆಳೆಯಿತು, ಮನೆಬೆಲೆ ಏರಿತು, ಬೇರೆ ಊರಿಗೆ ಕೆಲಸಕ್ಕೆ ಹೋಗುವವರು ಹೆಚ್ಚಿದರು. ಒಮ್ಮೆ ಎಳೆದ ಗೆರೆ ಶಾಶ್ವತವಲ್ಲ, ಬಣ್ಣ ಮಾಸಿದಂತೆ ಮತ್ತೆ ಮತ್ತೆ ಎಳೆಯುತ್ತಿರಬೇಕು ಎಂಬುದು ಊರಿಗೆ ಗೊತ್ತಾಯಿತು. 2015ರಲ್ಲಿ ಕೋವೆಲ್ ಬುಲೆವಾರ್ಡ್ ಮತ್ತು ಜೆ ಬೀದಿ ಕೂಡುವಲ್ಲಿ ಸವಾರರಿಗೆ ರಕ್ಷಣೆಯಿರುವ ಹೊಸ ಬಗೆಯ ಚೌಕ ಕಟ್ಟಿದರು. ಅದಕ್ಕೂ ಮಾದರಿ ಹಾಲೆಂಡೇ.

ಸಂಜೆ ಸಮುದ್ರದ ಕಡೆಯಿಂದ ತಂಗಾಳಿ ಬೀಸತೊಡಗುತ್ತದೆ. ವಿಂಟರ್ಸ್ ಕಡೆಯಿಂದ ಮರಳುವವರು ಹಳ್ಳಿ ರಸ್ತೆಯಲ್ಲಿ ಹಿಂದಿನಿಂದ ಬರುವ ಲಾರಿಯ ಸದ್ದಿಗೆ ಕಿವಿಗೊಟ್ಟು, ಅಂಚು ಹಿಡಿದು, ಮೈ ಬಿಗಿಮಾಡಿಕೊಂಡೇ ತುಳಿಯುತ್ತಾರೆ. ಅಷ್ಟರಲ್ಲಿ ಅಕ್ರೋಟು ಮರಗಳ ಸಾಲು, ಅದರಡಿಯಲ್ಲಿ ಸೈಕಲ್ ದಾರಿ. ಹ್ಯಾಂಡಲ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಒಬ್ಬರ ಹಿಂದೊಬ್ಬರು ಬರುತ್ತಿದ್ದವರು ಜೋಡಿಯಾಗುತ್ತಾರೆ, ನಿಂತಿದ್ದ ಮಾತು ಮತ್ತೆ ಶುರುವಾಗುತ್ತದೆ.