ಹಳೆ ಬೇಲಿಗೆ ಹೊಸ ಗೂಟ

ಭರಣಿ ಮಳೆ ಒಂದೆರಡು ಸಲ ಬಂದು ಹೋದ ಮೇಲೆ ಮಲೆನಾಡಿನ ಹಿತ್ತಿಲುಗಳಲ್ಲಿ ಹಾರೆಯ ಸದ್ದು ಶುರುವಾಗುತ್ತದೆ. ಬೇಸಿಗೆಯಿಡೀ ಕಲ್ಲಾಗಿದ್ದ ಜಂಬಿಟ್ಟಿಗೆ ಮಣ್ಣು ಅಷ್ಟರಲ್ಲಿ ಕೊಂಚ ಸಡಿಲವಾಗಿರುತ್ತದೆ. ಅಡಿಕೆ ಸುಗ್ಗಿ ಮುಗಿದಿರುತ್ತದೆ, ಸೌದೆ ಕೊಟ್ಟಿಗೆ ಸೇರಿರುತ್ತದೆ, ಗದ್ದೆ ಕೆಲಸ ಇನ್ನೂ ಹಿಡಿದಿರುವುದಿಲ್ಲ. ಬೇಲಿ ಸರಿಮಾಡಲು ಇದೇ ಹೊತ್ತು.

ವರ್ಷದ ಕೆಲಸಗಳಲ್ಲಿ ನನಗೆ ಇದರಷ್ಟು ಪ್ರಿಯವಾದದ್ದು ಇನ್ನೊಂದಿಲ್ಲ. ಹೊಸ ಬೇಲಿ ಹಾಕುವುದರಲ್ಲಿ ನನಗೆ ಅಂಥ ಆಸೆಯೇನಿಲ್ಲ. ಹಗ್ಗ ಹಿಡಿದು, ಅಳತೆಗೆ ಗುಂಡಿ ತೋಡಿ, ಸಾಲಾಗಿ ನೆಟ್ಟರೆ ಮುಗಿಯಿತು. ಹಳೆ ಬೇಲಿಯಾದರೆ ಒಂದೊಂದು ಗೂಟದ ಮುಂದೂ ನಿಂತು ಯೋಚಿಸಬೇಕು. ಯಾವುದು ಇರಲಿ, ಯಾವುದು ಹೋಗಲಿ, ಯಾವುದಕ್ಕೆ ಇನ್ನೊಂದು ವರ್ಷ ಕಾಯೋಣ ಎಂಬ ಆ ತೀರ್ಮಾನದಲ್ಲೇ ಈ ಕೆಲಸದ ರುಚಿಯೆಲ್ಲ ಇದೆ.

ನಮ್ಮ ಸಾಗರದ ಕಡೆಯ ಹಿತ್ತಿಲ ಬೇಲಿಯೆಂದರೆ ಪೂರ್ತಿ ಸತ್ತ ಕಟ್ಟಿಗೆಯದಲ್ಲ. ನಡುನಡುವೆ ಗೊಬ್ಬರದ ಗಿಡ, ದಾಸವಾಳ, ಲಕ್ಕಿ, ಆಡುಸೋಗೆ. ಅಡುಗೆಮನೆಗೆ ಹತ್ತಿರದಲ್ಲಿ ಚಕ್ರಮುನಿ ಸೊಪ್ಪಿನ ಗಿಡ. ಇವುಗಳ ಎರಡೂ ಬದಿಗೆ ಅಡ್ಡಲಾಗಿ ಅಡಿಕೆ ದಬ್ಬೆ ಕಟ್ಟಿರುತ್ತದೆ. ಲಕ್ಕಿಯನ್ನೂ ಆಡುಸೋಗೆಯನ್ನೂ ದನ ಮೂಸಿ ನೋಡಿ ಹಾಗೇ ಬಿಡುತ್ತವೆ. ಆದ್ದರಿಂದ ರಸ್ತೆ ಕಡೆಗೆ ಅವೇ ಸರಿ. ಚಕ್ರಮುನಿಯಂಥ ತಿನ್ನುವ ಸೊಪ್ಪು ಒಳಗಡೆಗೆ. ಹಿಂದಿನವರು ಇದನ್ನೆಲ್ಲ ಎಷ್ಟು ವಿಚಾರ ಮಾಡಿ ಹಾಕಿದ್ದಾರೆಂಬುದು ರಿಪೇರಿಗೆ ಕೂತಾಗಲೇ ತಿಳಿಯುವುದು.

ನನ್ನ ಚಿಕ್ಕಪ್ಪ ಬೇಲಿ ಕಟ್ಟುವುದರಲ್ಲಿ ಕೈಪಳಗಿದವರು. "ತಮಾ, ಕತ್ತಿ ಆಮೇಲೆ. ಮೊದಲು ಅಲ್ಲಾಡಿಸಿ ನೋಡು" ಎನ್ನುತ್ತಿದ್ದರು. ಈಗಲೂ ನಾನು ಹಾಗೇ ಬರಿಗೈಯಲ್ಲಿ ಒಂದು ಸುತ್ತು ಹೋಗುತ್ತೇನೆ. ಗೂಟ ಅಲ್ಲಾಡಿದರೆ ಬುಡ ನೋಡಬೇಕು. ಕಟ್ಟಿಗೆ ಕೊಳೆಯುವುದು ಹೆಚ್ಚಾಗಿ ಮಣ್ಣಿನ ಮಟ್ಟದಲ್ಲೇ, ನೀರೂ ಗಾಳಿಯೂ ಎರಡೂ ಸಿಗುವ ಆ ನಾಲ್ಕು ಬೆರಳಗಲದ ಜಾಗದಲ್ಲಿ. ಮೇಲೆ ಗಟ್ಟಿಮುಟ್ಟಾಗಿ ಕಾಣುವ ಗೂಟ ಅಲ್ಲಿ ಗೆದ್ದಲು ತಿಂದು ಪೊಳ್ಳಾಗಿರುತ್ತದೆ. ಇನ್ನು ಕೆಲವು ಎಲೆಯಿಲ್ಲದೆ ಸತ್ತಂತೆಯೇ ನಿಂತಿರುತ್ತವೆ. ಅಂಥದರ ತೊಗಟೆಯನ್ನು ಉಗುರಿನಿಂದ ಒಂದಿಷ್ಟು ಕೆರೆಯಬೇಕು. ಬೂದು ಸಿಪ್ಪೆ ಸರಿದು ಅಡಿಯಲ್ಲಿ ತೇವದ ಹಸಿರು ಗೆರೆ ಕಂಡರೆ ಜೀವವಿದೆ. ಆ ಹಸಿರು ಕಂಡಾಗ ಆಗುವ ಖುಷಿ ನನಗೆ ಎಷ್ಟು ವರ್ಷವಾದರೂ ಹಳತಾಗಿಲ್ಲ.

ನಮ್ಮ ಬೇಲಿಯಲ್ಲಿ ಮೊದಲು ಹಾಲವಾಣವೂ ಇತ್ತು. ಹೊಸ ಶತಮಾನದ ಮೊದಲ ದಶಕದಲ್ಲಿ ದಕ್ಷಿಣ ಭಾರತಕ್ಕೆ ಒಂದು ಸಣ್ಣ ಕಣಜ ಬಂತು. ಅದು ಹಾಲವಾಣದ ಚಿಗುರಿನಲ್ಲೇ ಮೊಟ್ಟೆಯಿಡುತ್ತದೆ. ಎಲೆಯೂ ತೊಟ್ಟೂ ಗಂಟುಗಂಟಾಗಿ ಊದಿಕೊಂಡು ಮುದುಡುತ್ತವೆ, ಗಿಡ ಸೊರಗುತ್ತದೆ. ನಮ್ಮ ಹಾಲವಾಣಗಳೂ ಹಾಗೇ ಹೋದವು. ಅದರ ಕೆಂಪು ಹೂವಿಗೆ ಬರುತ್ತಿದ್ದ ಹಕ್ಕಿಗಳ ಗಲಾಟೆ ನೆನೆದರೆ ಈಗಲೂ ಬೇಸರವಾಗುತ್ತದೆ. ಬೇಲಿಯಲ್ಲಿ ಒಂದೇ ಜಾತಿಯ ಗಿಡ ಹಾಕಬಾರದು ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಖಾಲಿಯಾದ ಜಾಗಕ್ಕೆಲ್ಲ ಈಗ ಹೆಚ್ಚಾಗಿ ಗೊಬ್ಬರದ ಗಿಡವೇ ಬಂದಿದೆ. ದೂರದ ಮಧ್ಯ ಅಮೆರಿಕದಿಂದ ಬಂದ ಗಿಡ ಅದು. ಆದರೂ ನಮ್ಮ ಮಣ್ಣಿಗೆ ಚೆನ್ನಾಗಿ ಒಗ್ಗಿದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಸವರಿದ ಸೊಪ್ಪು ಅಡಿಕೆ ಬುಡಕ್ಕೆ ಗೊಬ್ಬರ. ಗೂಟಕ್ಕೆ ಎಳೆ ಕೊಂಬೆ ಆಗದು. ತೊಗಟೆ ಕಂದಿದ, ಮುಂಗೈ ದಪ್ಪದ ಬಲಿತ ಕೊಂಬೆ ಬೇಕು. 5-6 ಅಡಿ ಉದ್ದ ಸಾಕು. ಎರಡೂ ತುದಿಯನ್ನು ಓರೆಯಾಗಿ ಕಡಿಯಬೇಕು, ಮೇಲಿನದನ್ನು ನೀರು ನಿಲ್ಲದಿರಲೆಂದು. ಗೂಟವನ್ನು ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಬುಡದ ತೊಗಟೆ ಸೀಳಿ, ಬೇರು ಬರಬೇಕಾದ ಜಾಗವೇ ಕೊಳೆಯುತ್ತದೆ. ಹಾರೆಯಿಂದ ಒಂದೂವರೆ ಅಡಿ ಗುಳಿ ಮಾಡಿ, ಗೂಟ ಇಟ್ಟು, ಸುತ್ತ ಮಣ್ಣು ತುಂಬಿ ಹಿಮ್ಮಡಿಯಿಂದ ಗಟ್ಟಿಯಾಗಿ ತುಳಿಯಬೇಕು. ಕೊಂಬೆಯ ತುದಿಭಾಗ ಮೇಲೇ ಇರಬೇಕೆಂಬುದನ್ನು ಹೊಸಬರಿಗೆ ಮಾತ್ರ ಹೇಳಬೇಕಾಗುತ್ತದೆ.

ಆಮೇಲೆ ಕಟ್ಟುವ ಕೆಲಸ. ಅಡಿಕೆ ಮರದ ಸೊಗಸು ಇಲ್ಲಿ ಗೊತ್ತಾಗುತ್ತದೆ. ಬಿದ್ದ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆಯ ತಿರುಳು ಕೆತ್ತಿ ತೆಗೆದರೆ ಉಳಿಯುವ ಹೊರಪದರ ಕಬ್ಬಿಣದಷ್ಟು ಗಟ್ಟಿ. ತಿರುಳು ಬಿಟ್ಟರೆ ಅದು ಮಳೆನೀರು ಕುಡಿದು ದಬ್ಬೆಯನ್ನೂ ಕೊಳೆಸುತ್ತದೆ. ನೆನೆಸಿದ ತೆಂಗಿನ ಹಗ್ಗದಲ್ಲಿ ಎರಡು ಬದಿಯ ದಬ್ಬೆಯನ್ನೂ ಗೂಟಕ್ಕೆ ಸೇರಿಸಿ, ಒಂದು ಸುತ್ತು ಅಡ್ಡ, ಒಂದು ಸುತ್ತು ಓರೆ ಹಾಕಿ ಎಳೆಯುವುದು. ಕೈಗೆ ಕೆಲಸ ಹಿಡಿದರೆ ಹೊತ್ತು ಹೋದದ್ದೇ ತಿಳಿಯದು. ಕೆಲವರು ತಂತಿಯಲ್ಲಿ ಬಿಗಿಯುತ್ತಾರೆ, ಬೇಗ ಆಗುತ್ತದೆ. ಆದರೆ ಜೀವಂತ ಗೂಟ ದಪ್ಪವಾಗುತ್ತ ಹೋದಂತೆ ತಂತಿ ತೊಗಟೆಯೊಳಗೆ ಇಳಿದು, ಎಲೆಯಿಂದ ಬೇರಿಗೆ ಹೋಗುವ ಆಹಾರದ ದಾರಿಯನ್ನೇ ಕತ್ತರಿಸುತ್ತದೆ. ಹಗ್ಗ ಗಿಡ ದಪ್ಪವಾಗುವಷ್ಟರಲ್ಲಿ ತಾನೇ ಲಡ್ಡಾಗಿ ಬಿಟ್ಟುಕೊಡುತ್ತದೆ. ಮತ್ತೆ ಕಟ್ಟಬೇಕು, ನಿಜ. ಆ ನೆವದಲ್ಲಾದರೂ ವರ್ಷಕ್ಕೊಮ್ಮೆ ಬೇಲಿಯ ಹತ್ತಿರ ಹೋಗುತ್ತೇವಲ್ಲ.

ಕೊನೆಯದು ದಣಪೆ, ಅಂದರೆ ಬೇಲಿಯ ಗಳದ ಬಾಗಿಲು. ಸವೆದ ಗಳ ತೆಗೆದು, ನೀರಿನಲ್ಲಿ ನೆನೆಹಾಕಿಟ್ಟಿದ್ದ ಬಿದಿರು ಹಾಕುತ್ತೇನೆ. ಬಿದಿರಿನೊಳಗಿನ ಹಿಟ್ಟಿನಂಶಕ್ಕೇ ಕುಟ್ಟೆ ಹುಳ ಬರುವುದು. ನೀರಿನಲ್ಲಿ ಕೆಲವು ವಾರ ಬಿದ್ದಿದ್ದರೆ ಅದು ಬಹಳಷ್ಟು ಹೋಗಿ ಗಳ ಹೆಚ್ಚು ಬಾಳುತ್ತದೆ.

ಕಲ್ಲುಕಂಬ, ಮುಳ್ಳುತಂತಿ ಹಾಕಿಸಿಬಿಡು ಎನ್ನುವವರು ಬಹಳ ಜನ. ಕಾಡುಹಂದಿ ನುಗ್ಗುವ ತೋಟದ ಅಂಚಿಗೆ ಅದು ಬೇಕಾದೀತು. ಮಂಗನಿಗಂತೂ ಯಾವ ಬೇಲಿಯೂ ಲೆಕ್ಕವಿಲ್ಲ. ಆದರೆ ಮನೆಯ ಹಿತ್ತಿಲಿಗೆ ತಂತಿ ಏಕೆ? ತಂತಿಯಲ್ಲಿ ಪಿಕಳಾರ ಗೂಡು ಕಟ್ಟುವುದಿಲ್ಲ, ದೇವರಿಗೆ ಹೂವಾಗುವುದಿಲ್ಲ, ಕೆಮ್ಮಿಗೆ ಕಷಾಯದ ಆಡುಸೋಗೆ ಸಿಗುವುದಿಲ್ಲ. ನೆರೆಮನೆಯ ಅತ್ತಿಗೆ ಆಚೆಯಿಂದ ತೊಂಡೆ ಬಳ್ಳಿ ಹಬ್ಬಿಸಿ, ಈಚೆಗೆ ಬಿಟ್ಟ ಕಾಯಿ ನಮಗೆ ಎನ್ನುವುದೂ ಇಂಥ ಬೇಲಿಯಲ್ಲಿ ಮಾತ್ರ.

ಹಿತ್ತಿಲಿರುವವರು ಮೃಗಶಿರೆ ಹಿಡಿಯುವ ಮೊದಲು ನಿಮ್ಮ ಬೇಲಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಪೂರ್ತಿ ಕಿತ್ತು ಹಾಕುವ ಮಾತು ಬೇಡ. ಸತ್ತಲ್ಲಿಗಷ್ಟೇ ಗೂಟ ಹಾಕಿ. ಗೊಬ್ಬರದ ಗಿಡ ಬೆಳೆಸಿದವರು ಯಾರೂ ಕೊಂಬೆ ಕೇಳಿದರೆ ಇಲ್ಲವೆನ್ನುವುದಿಲ್ಲ.